ಗಾಜಿನ ಮನೆ ಇಲ್ಲದಿದ್ದರೂ ಕ್ಯಾಟ್ಲಿಯಾ

ದಾವಣಗೆರೆಯ ಗಾಜಿನ ಮನೆ ನೋಡಿ ಬಂದವರು, ಆರ್ಕಿಡ್ ಬೆಳೆಸೋಕೆ ಅಂಥದ್ದೇ ಬೇಕು ಅಂದುಕೊಳ್ಳುತ್ತಾರೆ. ನಾವೂ ಹಾಗೇ ಅಂದುಕೊಂಡಿದ್ದೆವು. ಹಳೆಯ ಕಥೆ ಓದಿದ ಮೇಲೆ ಅಭಿಪ್ರಾಯ ಬದಲಾಯಿತು.

1818ರ ಹೊತ್ತಿಗೆ ವಿಲಿಯಂ ಸ್ವೇನ್‌ಸನ್ ಬ್ರೆಜಿಲ್‌ನಿಂದ ಇಂಗ್ಲೆಂಡಿಗೆ ಗಿಡಗಳನ್ನು ಕಳಿಸಿದ. ವಿಲಿಯಂ ಕ್ಯಾಟ್ಲಿ ಎಂಬ ವ್ಯಾಪಾರಿಯ ಹತ್ತಿರ ಒಂದು ಗಿಡ ಅಂಗೈಯಗಲದ ನೇರಳೆ ಹೂ ಬಿಟ್ಟಿತು. ಸಸ್ಯಶಾಸ್ತ್ರಜ್ಞ ಜಾನ್ ಲಿಂಡ್ಲಿ ಆ ವ್ಯಾಪಾರಿಯ ನೆನಪಿಗೇ ಕ್ಯಾಟ್ಲಿಯಾ ಲೇಬಿಯಾಟಾ ಅಂತ ಹೆಸರಿಟ್ಟ. ಅದರ ತವರು ಕಾಡನ್ನು ಆಮೇಲೆ ಸುಮಾರು 70 ವರ್ಷ ಹುಡುಕಿದರು!

ಅಲ್ಲಿನ ಶ್ರೀಮಂತರು ಆರ್ಕಿಡ್‌ಗಳನ್ನು ಗಾಜಿನ ಮನೆಯಲ್ಲಿಟ್ಟು, ಕಿಟಕಿ ಮುಚ್ಚಿ, ಒಲೆ ಹಾಕಿ ಬೇಯಿಸಿದರು. ರಾಶಿ ರಾಶಿ ಸತ್ತವು. 1830ರ ದಶಕದಲ್ಲಿ ಚಾಟ್ಸ್‌ವರ್ತ್‌ನ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್ ಬಿಸಿ ತಗ್ಗಿಸಿ ಗಾಳಿ ಬಿಟ್ಟ, ಗಿಡ ಉಳಿದವು.

ನಮ್ಮ ಮಲೆನಾಡಿನ ಸೀತಾಳೆ ದಂಡೆಯಂತೆ ಇದೂ ಮರದ ಮೇಲಿನ ಗಿಡ. ಕುಂಡಕ್ಕೆ ಮಣ್ಣು ಹಾಕಿದರೆ ಬೇರು ಕೊಳೆಯುತ್ತದೆ. ಇದ್ದಿಲು, ಒಡೆದ ಹಂಚಿನ ಚೂರು ಸಾಕು.

ಹೊಸಬರಿಗೆ ನಮ್ಮ ಮೊದಲ ಆಯ್ಕೆ ಆ ಲೇಬಿಯಾಟಾನೇ. ಎರಡನೆಯದು ಸ್ಕಿನ್ನೆರಿ, ಕೋಸ್ಟರಿಕಾದ ರಾಷ್ಟ್ರೀಯ ಹೂ. ಶಾಸ್ತ್ರಜ್ಞರು ಈಗ ಅದನ್ನು ಗ್ವಾರಿಯಾಂಥೆ ಅನ್ನುತ್ತಾರೆ, ಹಳೆ ಹೆಸರಿನಲ್ಲಿ ಕೇಳಿದರೂ ಸಿಗುತ್ತದೆ. ಕೆಂಪು ಕಾಕ್ಸಿನಿಯಾ ಕಣ್ಣು ಸೆಳೆಯುತ್ತದೆ, ಆದರೆ ಅದು ತಂಪು ಬೆಟ್ಟದ್ದು. ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಕೊಟ್ಟ ದುಡ್ಡು ಹೋದಂತೆಯೇ. ಬೀಜದ ಸಸಿ ಬೇಡ, ಹೂವಿಗೆ ವರ್ಷಗಟ್ಟಲೆ ಕಾಯಬೇಕು. ಒಮ್ಮೆ ಹೂ ಬಿಟ್ಟ ಗಿಡವನ್ನೇ ಕೇಳಿ ತನ್ನಿ.

ಮನೆ ಮುಂದೆ ನೆರಳು ಬಲೆ ಕಟ್ಟಿ, ಗಾಳಿಯಾಡುವಲ್ಲಿ ತೂಗುಹಾಕಿ. ಹರಿಹರದಲ್ಲಿ ಹೊಳೆ ಕಡೆಗೆ ಜಗುಲಿ ಇದ್ದವರು ಪುಣ್ಯವಂತರು.