ಶಾಲಾ ವೃತ್ತಿ ಶಿಕ್ಷಣ ಮತ್ತು ವಿದ್ಯಾರ್ಥಿ ಸಂಘಗಳಿಗೆ ಸಾರ್ವಜನಿಕ ಅನುದಾನ

ಶಾಲಾ ವೃತ್ತಿ ಶಿಕ್ಷಣ ಮತ್ತು ವಿದ್ಯಾರ್ಥಿ ಸಂಘಗಳಿಗೆ ಸಾರ್ವಜನಿಕ ಅನುದಾನ ಎಂದರೆ ಶಾಲೆಗಳಲ್ಲಿ ಕಲಿಸಲಾಗುವ ವೃತ್ತಿ ಹಾಗೂ ತಾಂತ್ರಿಕ ವಿಷಯಗಳಿಗೆ ಮತ್ತು ಅವುಗಳಿಗೆ ಪೂರಕವಾದ ವಿದ್ಯಾರ್ಥಿ ಚಟುವಟಿಕೆಗಳಿಗೆ ಸರ್ಕಾರದ ಶಿಕ್ಷಣ ನಿಧಿಯಿಂದ ಹಣ ಒದಗಿಸುವ ವ್ಯವಸ್ಥೆ. ಭಾರತದಲ್ಲಿ ವೃತ್ತಿ ಶಿಕ್ಷಣದ ವಿದ್ಯಾರ್ಥಿ ಸಂಘಗಳಿಗೆಂದೇ ಮೀಸಲಾದ ಪ್ರತ್ಯೇಕ ಕೇಂದ್ರ ಕಾನೂನಿಲ್ಲ. ಸಮಗ್ರ ಶಿಕ್ಷಣ ಯೋಜನೆಯ ವೃತ್ತಿ ಶಿಕ್ಷಣ ವಿಭಾಗ, ಯುವ ಮತ್ತು ಇಕೋ ಕ್ಲಬ್ ಅನುದಾನ ಹಾಗೂ ಅಟಲ್ ಟಿಂಕರಿಂಗ್ ಲ್ಯಾಬ್ ಅನುದಾನಗಳು ಈ ಉದ್ದೇಶಕ್ಕೆ ಹತ್ತಿರವಾದವು. ಈ ಲೇಖನವು ಕರ್ನಾಟಕದ ವ್ಯವಸ್ಥೆಯನ್ನು, ವಿಶೇಷವಾಗಿ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲೂಕುಗಳ ಹಿನ್ನೆಲೆಯಲ್ಲಿ, ವಿವರಿಸುತ್ತದೆ.

== ಹಿನ್ನೆಲೆ ==

ಕೈಕೆಲಸವನ್ನು ಶಿಕ್ಷಣದ ಕೇಂದ್ರದಲ್ಲಿರಿಸುವ ವಿಚಾರವನ್ನು ಮಹಾತ್ಮ ಗಾಂಧಿಯವರು 1937ರ ವಾರ್ಧಾ ಸಮ್ಮೇಳನದಲ್ಲಿ ಮಂಡಿಸಿದರು. ಇದು ಮೂಲಶಿಕ್ಷಣ ಅಥವಾ ನಯೀ ತಾಲೀಮ್ ಎಂದು ಹೆಸರಾಯಿತು. ಸ್ವಾತಂತ್ರ್ಯಾನಂತರ ಕೊಠಾರಿ ಆಯೋಗವು (1964–66) ಶಾಲಾ ಶಿಕ್ಷಣದಲ್ಲಿ ಕಾರ್ಯಾನುಭವಕ್ಕೂ ಪ್ರೌಢ ಹಂತದ ವೃತ್ತಿಶಿಕ್ಷಣಕ್ಕೂ ಮಹತ್ವ ನೀಡಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿಯು ಸಮಾಜೋಪಯೋಗಿ ಉತ್ಪಾದಕ ಕಾರ್ಯವನ್ನು ಶಿಫಾರಸು ಮಾಡಿತು.

1976ರ 42ನೇ ಸಂವಿಧಾನ ತಿದ್ದುಪಡಿಯ ಮೂಲಕ ಶಿಕ್ಷಣವು ಸಮವರ್ತಿ ಪಟ್ಟಿಗೆ ಸೇರಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಅನುಸರಿಸಿ 1988ರಲ್ಲಿ ಪ್ರೌಢಶಿಕ್ಷಣದ ವೃತ್ತೀಕರಣಕ್ಕಾಗಿ ಕೇಂದ್ರ ಪುರಸ್ಕೃತ ಯೋಜನೆ ಆರಂಭವಾಯಿತು. ಕರ್ನಾಟಕದಲ್ಲಿ ಪದವಿಪೂರ್ವ ಹಂತದ ಉದ್ಯೋಗಾಧಾರಿತ ಡಿಪ್ಲೊಮಾ ಕೋರ್ಸ್‌ಗಳು ಜೆ.ಒ.ಸಿ. ಎಂಬ ಹೆಸರಿನಿಂದ ಪರಿಚಿತವಾಗಿದ್ದವು; ಮುಂದೆ ಅವನ್ನು ನಿಲ್ಲಿಸಲಾಯಿತು. 2013ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು (ಎನ್.ಎಸ್.ಕ್ಯೂ.ಎಫ್.) ಪ್ರಕಟವಾದ ಬಳಿಕ ಶಾಲಾ ವೃತ್ತಿ ವಿಷಯಗಳನ್ನು ಅದಕ್ಕೆ ಹೊಂದಿಸಲಾಯಿತು.

== ಅನುದಾನದ ಮೂಲಗಳು ==

; ಸಮಗ್ರ ಶಿಕ್ಷಣ
ಸರ್ವ ಶಿಕ್ಷಾ ಅಭಿಯಾನ, ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಾ ಅಭಿಯಾನ ಮತ್ತು ಶಿಕ್ಷಕ ಶಿಕ್ಷಣ ಯೋಜನೆಗಳನ್ನು ಒಗ್ಗೂಡಿಸಿ 2018–19ರಲ್ಲಿ ಇದನ್ನು ರೂಪಿಸಲಾಯಿತು. ಕರ್ನಾಟಕಕ್ಕೆ ಅನ್ವಯಿಸುವ ಕೇಂದ್ರ–ರಾಜ್ಯ ಪಾಲು 60:40. ರಾಜ್ಯವು ಪ್ರತಿವರ್ಷ ಸಲ್ಲಿಸುವ ಕಾರ್ಯಯೋಜನೆ ಮತ್ತು ಆಯವ್ಯಯಕ್ಕೆ ಕೇಂದ್ರದ ಯೋಜನಾ ಅನುಮೋದನಾ ಮಂಡಳಿ ಒಪ್ಪಿಗೆ ನೀಡುತ್ತದೆ. ವೃತ್ತಿ ಶಿಕ್ಷಣ ವಿಭಾಗದಲ್ಲಿ ಪ್ರಯೋಗಾಲಯದ ಉಪಕರಣ, ಕಚ್ಚಾ ಸಾಮಗ್ರಿ, ತರಬೇತುದಾರರ ಗೌರವಧನ, ಅತಿಥಿ ಉಪನ್ಯಾಸ, ಕೈಗಾರಿಕಾ ಭೇಟಿ ಹಾಗೂ ಮೌಲ್ಯಮಾಪನದ ವೆಚ್ಚಗಳಿಗೆ ಅವಕಾಶವಿದೆ.

; ಯುವ ಮತ್ತು ಇಕೋ ಕ್ಲಬ್
ಸಮಗ್ರ ಶಿಕ್ಷಣದ ಅಡಿಯಲ್ಲಿಯೇ ವಿದ್ಯಾರ್ಥಿ ಸಂಘಗಳಿಗೆ ನೇರವಾಗಿ ಹಣ ನೀಡುವ ಬಾಬ್ತು ಇದು. ಪ್ರೌಢಶಾಲೆಯೊಂದಕ್ಕೆ ವಾರ್ಷಿಕ 25,000 ರೂಪಾಯಿಗಳವರೆಗೆ ನೀಡಲು ಯೋಜನೆಯ ಚೌಕಟ್ಟಿನಲ್ಲಿ ಅವಕಾಶ ಕಲ್ಪಿಸಲಾಗಿದೆ.

; ಶಾಲಾ ಸಂಯುಕ್ತ ಅನುದಾನ
ಇದು ದಾಖಲಾತಿಯನ್ನು ಆಧರಿಸಿದೆ. 31ರಿಂದ 100 ಮಕ್ಕಳಿರುವ ಶಾಲೆಗೆ 25,000, 101ರಿಂದ 250 ಮಕ್ಕಳಿಗೆ 50,000, 251ರಿಂದ 1,000 ಮಕ್ಕಳಿಗೆ 75,000 ಮತ್ತು ಅದಕ್ಕೂ ಹೆಚ್ಚಿದ್ದರೆ 1,00,000 ರೂಪಾಯಿ. ದುರಸ್ತಿ ಹಾಗೂ ಬೋಧನೋಪಕರಣಗಳ ಖರ್ಚು ಇದರಿಂದಲೇ ನಡೆಯಬೇಕು, ಕನಿಷ್ಠ ಶೇ. 10ರಷ್ಟನ್ನು ಸ್ವಚ್ಛತೆಗೆ ಬಳಸಬೇಕು. ಆದ್ದರಿಂದ ಸಂಘದ ಚಟುವಟಿಕೆಗಳಿಗೆ ಉಳಿಯುವ ಮೊತ್ತ ಅಲ್ಪ.

; ಅಟಲ್ ಟಿಂಕರಿಂಗ್ ಲ್ಯಾಬ್
ನೀತಿ ಆಯೋಗದ ಅಟಲ್ ಇನ್ನೊವೇಶನ್ ಮಿಷನ್ ಆಯ್ಕೆಯಾದ ಶಾಲೆಗೆ ಒಟ್ಟು 20 ಲಕ್ಷ ರೂಪಾಯಿಗಳವರೆಗೆ ನೀಡುತ್ತದೆ. ಇದರಲ್ಲಿ 10 ಲಕ್ಷ ಸ್ಥಾಪನೆಗೆ. ಉಳಿದ 10 ಲಕ್ಷ ಐದು ವರ್ಷಗಳ ನಿರ್ವಹಣೆಗೆ.

== ಕರ್ನಾಟಕದ ಪ್ರೌಢಶಾಲೆಗಳಲ್ಲಿ ==

ಆಯ್ದ ಸರ್ಕಾರಿ ಪ್ರೌಢಶಾಲೆಗಳಲ್ಲಿ 9ನೇ ತರಗತಿಯಿಂದ ಮಾಹಿತಿ ತಂತ್ರಜ್ಞಾನ, ಚಿಲ್ಲರೆ ವ್ಯಾಪಾರ, ಆಟೊಮೊಬೈಲ್, ಸೌಂದರ್ಯ ಮತ್ತು ಆರೋಗ್ಯ, ಸಿದ್ಧ ಉಡುಪು, ಎಲೆಕ್ಟ್ರಾನಿಕ್ಸ್ ಮೊದಲಾದ ವೃತ್ತಿ ವಿಷಯಗಳನ್ನು ಕಲಿಸಲಾಗುತ್ತದೆ. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಇವು ತೃತೀಯ ಭಾಷೆಗೆ ಪರ್ಯಾಯವಾದ ವಿಷಯಗಳಾಗಿ ಬಂದಿವೆ. ಪಠ್ಯಕ್ರಮ ರಚನೆಗೆ ಭೋಪಾಲದಲ್ಲಿ 1993ರಲ್ಲಿ ಸ್ಥಾಪಿತವಾದ ಪಂಡಿತ ಸುಂದರಲಾಲ್ ಶರ್ಮಾ ಕೇಂದ್ರೀಯ ವೃತ್ತಿ ಶಿಕ್ಷಣ ಸಂಸ್ಥೆ ನೆರವಾಗುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 2025ರ ವೇಳೆಗೆ ಕನಿಷ್ಠ ಶೇ. 50ರಷ್ಟು ಕಲಿಕಾರ್ಥಿಗಳಿಗೆ ವೃತ್ತಿ ಶಿಕ್ಷಣದ ಪರಿಚಯವಾಗಬೇಕೆಂಬ ಗುರಿ ಇರಿಸಿತು. 6ರಿಂದ 8ನೇ ತರಗತಿಯ ಅವಧಿಯಲ್ಲಿ ಹತ್ತು ದಿನಗಳ ಬ್ಯಾಗ್‌ರಹಿತ ಕಲಿಕೆಯನ್ನೂ ಸೂಚಿಸಿತು.

== ನಾಲ್ಕು ತಾಲೂಕುಗಳ ಹಿನ್ನೆಲೆ ==

ದಾವಣಗೆರೆ ಜಿಲ್ಲೆಯು 1997ರ ಆಗಸ್ಟ್ 15ರಂದು ರಚನೆಯಾಯಿತು. ಆಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಿಂದಲೂ ಜಗಳೂರು ಚಿತ್ರದುರ್ಗ ಜಿಲ್ಲೆಯಿಂದಲೂ ಬಂದು ಸೇರಿದವು. ನ್ಯಾಮತಿಯು ಹೊನ್ನಾಳಿಯ ಭಾಗವಾಗಿದ್ದು, 2017–18ರ ರಾಜ್ಯ ಆಯವ್ಯಯದಲ್ಲಿ ಹೊಸ ತಾಲೂಕೆಂದು ಘೋಷಿತವಾಯಿತು.

ನಾಲ್ಕೂ ತಾಲೂಕುಗಳು ಕೃಷಿಪ್ರಧಾನವಾದರೂ ಒಂದೇ ಬಗೆಯವಲ್ಲ. ಚನ್ನಗಿರಿಯಲ್ಲಿ ಅಡಿಕೆ ಬೆಳೆ, ಅದರ ಸುಲಿತ, ಬೇಯಿಸುವಿಕೆ ಹಾಗೂ ಸಹಕಾರಿ ಮಾರಾಟ ವ್ಯವಸ್ಥೆ ಬೆಳೆದಿದೆ. ಸೂಳೆಕೆರೆ ಅಥವಾ ಶಾಂತಿಸಾಗರವೂ ಈ ತಾಲೂಕಿನಲ್ಲಿದೆ. ಹೊನ್ನಾಳಿ ತುಂಗಭದ್ರಾ ದಂಡೆಯ ನೀರಾವರಿ ಪ್ರದೇಶ. ನ್ಯಾಮತಿ ಪಟ್ಟಣಕ್ಕೆ ದಾವಣಗೆರೆಗಿಂತ ಶಿವಮೊಗ್ಗವೇ ಸಮೀಪ. ಜಗಳೂರು ಮಳೆಯಾಶ್ರಿತ, ಬರಕ್ಕೆ ತುತ್ತಾಗುವ ಸೀಮೆ.

ಈ ಭಿನ್ನತೆಯು ಅನುದಾನದ ಬಳಕೆಗೂ ಸಂಬಂಧಿಸಿದೆ. ದೊಡ್ಡ ಕೈಗಾರಿಕೆಗಳು ವಿರಳವಾಗಿರುವಲ್ಲಿ ಕೈಗಾರಿಕಾ ಭೇಟಿ ಎಂದರೆ ಮಕ್ಕಳನ್ನು ಜಿಲ್ಲಾ ಕೇಂದ್ರಕ್ಕೆ ಕರೆದೊಯ್ಯುವುದೇ ಆಗುತ್ತದೆ. ವಾಹನದ ಬಾಡಿಗೆಯೇ ಮೊತ್ತದ ದೊಡ್ಡ ಭಾಗವನ್ನು ನುಂಗಬಹುದು. ಅಡಿಕೆ ಸಂಸ್ಕರಣಾ ಘಟಕ, ಪಂಪ್‌ಸೆಟ್ ದುರಸ್ತಿ ಅಂಗಡಿ, ಟ್ರ್ಯಾಕ್ಟರ್ ಗ್ಯಾರೇಜು, ಹಾಲು ಉತ್ಪಾದಕರ ಸಂಘ ಮತ್ತು ಹೊಲಿಗೆ ಕೇಂದ್ರಗಳಂತಹ ಸ್ಥಳೀಯ ನೆಲೆಗಳನ್ನು ಕಲಿಕಾ ತಾಣಗಳಾಗಿ ಬಳಸಿದರೆ ಅದೇ ಹಣದಲ್ಲಿ ಹೆಚ್ಚು ಮಕ್ಕಳು ಪಾಲ್ಗೊಳ್ಳಬಹುದು. ದೂರದ ಪ್ರಯಾಣಕ್ಕೆ ಮನೆಯವರ ಒಪ್ಪಿಗೆ ದೊರೆಯದ ಹೆಣ್ಣುಮಕ್ಕಳಿಗೆ ಇದು ಮುಖ್ಯವಾದ ಸಂಗತಿ.

== ಇತರ ದೇಶಗಳಲ್ಲಿ ==

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ವೃತ್ತಿ ಶಿಕ್ಷಣಕ್ಕೆ ಸಂಯುಕ್ತ ಸರ್ಕಾರದ ನೆರವು 1917ರ ಸ್ಮಿತ್–ಹ್ಯೂಸ್ ಕಾಯಿದೆಯಿಂದ ಆರಂಭವಾಯಿತು. ಕೃಷಿ ವಿದ್ಯಾರ್ಥಿಗಳ ಸಂಘವಾದ ಎಫ್.ಎಫ್.ಎ. 1928ರಲ್ಲಿಯೂ, ಇಂದು ಸ್ಕಿಲ್ಸ್‌ಯುಎಸ್‌ಎ ಎಂದು ಕರೆಯಲಾಗುವ ಸಂಘ 1965ರಲ್ಲಿಯೂ ಸ್ಥಾಪನೆಯಾದವು. 2018ರಲ್ಲಿ ಪರಿಷ್ಕೃತವಾದ ಪರ್ಕಿನ್ಸ್ ಕಾಯಿದೆಯು ಇಂತಹ ಸಂಘಗಳ ಬೆಂಬಲಕ್ಕೂ, ಪಠ್ಯಕ್ಕೆ ಹೊಂದುವ ಕೌಶಲ ಸ್ಪರ್ಧೆಗಳ ಸಿದ್ಧತೆಗೂ ನಿಧಿ ಬಳಸಲು ಅನುಮತಿಸುತ್ತದೆ. ಇದು ಅನುಮತಿಯೇ ಹೊರತು ಕಡ್ಡಾಯವಲ್ಲ. ಅಲ್ಲಿ ಸಂಘದ ಚಟುವಟಿಕೆಯನ್ನು ಬೋಧನೆಯ ಅಂಗವೆಂದು ಭಾವಿಸಲಾಗುತ್ತದೆ.

== ಚರ್ಚೆ ==

ಸಾರ್ವಜನಿಕ ಹಣವನ್ನು ಸಂಘಗಳಿಗೆ ಬಳಸುವುದನ್ನು ಬೆಂಬಲಿಸುವವರು, ಸದಸ್ಯತ್ವ ಶುಲ್ಕ ಹಾಗೂ ಪ್ರಯಾಣ ವೆಚ್ಚವನ್ನು ಮನೆಯವರೇ ಭರಿಸಬೇಕಾದರೆ ಬಡ ಮಕ್ಕಳು ಹೊರಗುಳಿಯುತ್ತಾರೆ ಎನ್ನುತ್ತಾರೆ. ಕೊಠಡಿ, ಶೌಚಾಲಯ ಮತ್ತು ಶಿಕ್ಷಕರ ಕೊರತೆ ಇರುವಲ್ಲಿ ಅವುಗಳಿಗೇ ಮೊದಲ ಆದ್ಯತೆ ಸಲ್ಲಬೇಕೆಂಬುದು ಪ್ರತಿವಾದ. ವೃತ್ತಿ ವಿಷಯಗಳು ಬಡ ಮಕ್ಕಳನ್ನು ಬೇಗನೆ ಕೂಲಿಯ ಕಡೆಗೆ ತಿರುಗಿಸಬಹುದು ಎಂಬ ಆತಂಕ ವಾರ್ಧಾ ಯೋಜನೆಯ ಕಾಲದಿಂದಲೂ ಇದೆ. ತರಬೇತುದಾರರ ಹುದ್ದೆಗಳು ತಾತ್ಕಾಲಿಕ ಸ್ವರೂಪದವಾಗಿರುವುದರಿಂದ ಬೋಧನೆಯ ನಿರಂತರತೆಯೂ ಚರ್ಚೆಯ ವಿಷಯವಾಗಿದೆ.

ಶಾಲಾ ಹಂತದಲ್ಲಿ ಖರ್ಚಿನ ಮೇಲ್ವಿಚಾರಣೆಯು ಪೋಷಕರನ್ನೊಳಗೊಂಡ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ (ಎಸ್.ಡಿ.ಎಂ.ಸಿ.) ಸೇರಿದೆ. ಬಂದ ಮೊತ್ತ, ಅದರ ಉದ್ದೇಶ ಮತ್ತು ಫಲಾನುಭವಿ ಮಕ್ಕಳ ಸಂಖ್ಯೆಯನ್ನು ಸಮಿತಿಯ ಸಭೆಯಲ್ಲಿ ಮಂಡಿಸಿದಾಗ ಅನುದಾನದ ಬಳಕೆಯನ್ನು ಊರಿನವರೇ ಪರಿಶೀಲಿಸಲು ಸಾಧ್ಯವಾಗುತ್ತದೆ.