ಅಕ್ಷರಗುಂಡಿನ ಮುಂದೆ ಹದಿನಾರರ ಮಗ್ಗಿ

ಹದಿನೈದರ ಮಗ್ಗಿ ಸಾಧು ಹಸುವಿನಂಥದು. ಕೊನೆಗೆ ಐದು, ಇಲ್ಲವೇ ಸೊನ್ನೆ. ಹಗ್ಗವಿಲ್ಲದೆಯೂ ಹಿಂದೆ ಬರುತ್ತದೆ. ಹದಿನಾರು ಹಾಗಲ್ಲ. 'ಹದಿನಾರಾರ್ಲ ತೊಂಬತ್ತಾರು' ಎಂದಮೇಲೆ ನನ್ನ ನಾಲಿಗೆ ಕಟ್ಟಿಬಿಡುತ್ತಿತ್ತು. ಮೇಷ್ಟರ ರೂಲುದೊಣ್ಣೆ ಬೆರಳ ಗೆಣ್ಣಿಗೆ ಬೀಳುತ್ತಿತ್ತು. ಆ ಏಟಿನಿಂದ ಏಳನೆಯ ಸಾಲು ಬಂತೇ? ಇಲ್ಲ, ಆರನೆಯದೂ ಮರೆತುಹೋಯಿತು.

ನನ್ನಜ್ಜಿಗೆ ಓದು ಬರಹ ಇರಲಿಲ್ಲ. ಆದರೆ ಹದಿನಾರರ ಮಗ್ಗಿ ನೀರು ಕುಡಿದಷ್ಟು ಸಲೀಸು. ಅವಳ ತಮ್ಮ ಕೂಲಿಮಠಕ್ಕೆ ಹೋಗುತ್ತಿದ್ದ. ಅಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿಂದ ತಿದ್ದುತ್ತಿದ್ದರು. ಸಂಜೆ ಒಬ್ಬ ಹೇಳಿಕೊಟ್ಟಂತೆ ಉಳಿದವರೆಲ್ಲ ಕೂಗುತ್ತಿದ್ದರು. ಎದುರು ಗೋಡೆಗೆ ಬೆರಣಿ ತಟ್ಟುತ್ತಿದ್ದ ಅಜ್ಜಿ ಅದನ್ನು ಕೇಳಿಯೇ ಕಲಿತದ್ದು. ಒಂದು ಬೆರಣಿಗೆ ಒಂದು ಸಾಲು.

ಆಗ ರೂಪಾಯಿಗೆ ಹದಿನಾರಾಣೆ. 1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬರುವತನಕ ಹೆಂಗಸರ ಮಾನ ಕಾಯುತ್ತಿದ್ದುದು ಈ ಮಗ್ಗಿಯೇ. ಒಮ್ಮೆ ಚಳ್ಳಕೆರೆಯಲ್ಲಿ ಹದಿನಾರು ಸೇರು ಶೇಂಗಾಬೀಜವನ್ನು ಸೇರಿಗೆ ಆರಾಣೆಯಂತೆ ಕೊಟ್ಟಳಂತೆ. ಸಾಹುಕಾರ ಐದೂವರೆ ರೂಪಾಯಿ ಎಣಿಸಿದ. "ಅಣ್ಣಾ, ಹದಿನಾರು ಸೇರಾದ್ರೆ ಎಷ್ಟಾಣೆಯೋ ಅಷ್ಟೇ ರೂಪಾಯಿ. ಇನ್ನೆಂಟಾಣೆ ಇಡು" ಎಂದಳಂತೆ. ಆ ಎಂಟಾಣೆಯ ಕಥೆಯನ್ನು ಸಾಯುವತನಕ ಹೇಳಿದಳು.

ಈಗ ನನ್ನ ಮೊಮ್ಮಗಳ ಸರದಿ. ಮಗ್ಗಿ ಎಂದರೆ ಹೊಟ್ಟೆನೋವು ಬರುತ್ತದೆ. ಫೋನಿನಲ್ಲಿ ಹಾಡಿನಂತೆ ಕೇಳಿಸಿದರು. ಹಾಡು ಬಂತು, ಮಗ್ಗಿ ಬರಲಿಲ್ಲ. ರಜೆಗೆ ಬಂದವಳನ್ನು ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರಕ್ಕೆ ಕರೆದುಕೊಂಡು ಹೋದೆ. ಹತ್ತಿರದ ಬ್ರಹ್ಮಗಿರಿಯಲ್ಲಿ ಊರವರು ಅಕ್ಷರಗುಂಡು ಎನ್ನುವ ಬಂಡೆಯಿದೆ. ಅದರ ಮೇಲೆ ಅಶೋಕನ ಶಾಸನ, ಕ್ರಿಸ್ತಪೂರ್ವ ಮೂರನೆಯ ಶತಮಾನದ್ದು. ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದಲ್ಲೂ ಇಂಥವಿವೆ. 1892ರಲ್ಲಿ ಇವನ್ನು ಲೋಕಕ್ಕೆ ತಿಳಿಸಿದವರು ಬಿ.ಎಲ್. ರೈಸ್. ಬರೆದ ಲಿಪಿಕಾರನ ಹೆಸರೂ ಇದೆ: ಚಪಡ. ಶಿಷ್ಯನು ಗುರುವನ್ನು ಗೌರವಿಸಬೇಕೆಂದೂ ಅದರಲ್ಲಿ ಹೇಳಿದೆ. ರೂಲುದೊಣ್ಣೆಯ ಮಾತಿಲ್ಲ.

ನನಗೆ ಬೇಕಾದದ್ದು ಅದರೊಳಗಿನ ಒಂದು ಸಂಖ್ಯೆ, 256. ರಾಜ ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕವಿದು ಎನ್ನುತ್ತಾರೆ ವಿದ್ವಾಂಸರು. ನಾವು ಬರೆಯುವ ಹಾಗೆ ಬರೆದಿಲ್ಲ. ಇನ್ನೂರಕ್ಕೊಂದು ಗುರುತು, ಐವತ್ತಕ್ಕೊಂದು, ಆರಕ್ಕೊಂದು. ಬಾಯಲ್ಲಿ ಹೇಳಿದ ಹಾಗೆಯೇ ಕಲ್ಲಿನ ಮೇಲೆ. ಸೊನ್ನೆ, ಸ್ಥಾನಬೆಲೆ ಎಲ್ಲ ಬಳಕೆಗೆ ಬಂದದ್ದು ಎಷ್ಟೋ ಕಾಲದ ಮೇಲೆ. ಆಮೇಲೆ ನಮ್ಮ ನಾಡಿನವರು ಅದರ ಜೊತೆ ಆಟವನ್ನೂ ಆಡಿದರು. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ಗುಣಾಕಾರದಿಂದ ಕೊರಳಹಾರ ಕಟ್ಟಿದ್ದಾನೆ. 12345679 ಬರೆದು (ಎಂಟನ್ನು ಬಿಡಬೇಕು) ಒಂಬತ್ತರಿಂದ ಗುಣಿಸಿ ನೋಡಿ, ಒಂಬತ್ತು ಒಂದುಗಳು ಪೋಣಿಸಿದ ಮುತ್ತಿನಂತೆ ಬರುತ್ತವೆ. ನಿಮ್ಮ ಮಗುವಿನ ಕೈಯಲ್ಲೇ ಮಾಡಿಸಿ, ಉತ್ತರ ಮೊದಲೇ ಹೇಳಬೇಡಿ.

"ಅಜ್ಜೀ, ಈ ಇನ್ನೂರೈವತ್ತಾರು ಯಾವ ಮಗ್ಗೀಲಿ ಬರುತ್ತೆ?" ಎಂದಳು ಹುಡುಗಿ ಬಸ್ಸಿನಲ್ಲಿ.

ನಾನು ಹೇಳಲಿಲ್ಲ. ಮನೆಗೆ ಬಂದು ಹುಣಸೆಬೀಜದ ಡಬ್ಬಿ ಸುರಿದೆ. ಇನ್ನೂರೈವತ್ತಾರು ಎಣಿಸಲು ಅರ್ಧಗಂಟೆ ಹಿಡಿಯಿತು. ಎರಡು ಸಲ ತಪ್ಪಿತು. ಹತ್ತರ ಸಾಲು ಜೋಡಿಸಿದಳು, ಆರು ಮಿಕ್ಕವು. ಹನ್ನೆರಡರದ್ದು ಜೋಡಿಸಿದಳು, ನಾಲ್ಕು ಮಿಕ್ಕವು. ಹದಿನಾರರ ಸಾಲು ಇಡುತ್ತಾ ಹೋದಾಗ ಒಂದೂ ಮಿಗಲಿಲ್ಲ, ಸಾಲುಗಳೂ ಹದಿನಾರೇ. ಚಾಪೆಯ ಮೇಲೆ ರಂಗೋಲಿಯ ಚುಕ್ಕಿಗಳಂತೆ ಚೌಕವಾಗಿ ಕೂತಿದ್ದವು. ನಡುವೆ ಒಂದು ಕಡ್ಡಿ ಇಟ್ಟು ತೋರಿಸಿದೆ. ಮೇಲೆ ಹತ್ತು ಸಾಲು, ನೂರರವತ್ತು. ಕೆಳಗೆ ಆರು ಸಾಲು, ನನ್ನ ಹಳೆಯ ತೊಂಬತ್ತಾರು. ಕಡ್ಡಿಯನ್ನು ಅವಳೇ ಒಂದೊಂದು ಸಾಲು ಸರಿಸುತ್ತಾ ಮಗ್ಗಿಯ ಅಷ್ಟೂ ಸಾಲು ಹೇಳಿದಳು. ನನ್ನನ್ನು ಕಟ್ಟಿಹಾಕಿದ ಏಳನೆಯದನ್ನು ತಡವರಿಸದೆ ದಾಟಿದಳು.

ಆಮೇಲೆ ಚೌಕದ ಒಂದು ಮೂಲೆಯಿಂದ ಎರಡು ಬದಿಗೂ ಹೊಸ ಸಾಲು ಇಡತೊಡಗಿದಳು. "ಹದಿನೇಳರ ಚೌಕಕ್ಕೆ ಇನ್ನೆಷ್ಟು ಬೇಕಜ್ಜೀ?"

ನಾನು ಬೆರಳು ಮಡಚುತ್ತಿರುವಾಗಲೇ ಅವಳು ಮೂವತ್ತಮೂರು ಬೀಜ ಎಣಿಸಿ ಉಡಿಗೆ ಹಾಕಿಕೊಂಡಾಗಿತ್ತು.