ಮಾಟಗಾರನ ಮೇಲೊಂದು ಗುಮಾನಿ

ಗೋಕಾಕದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ಫೋನಿನಲ್ಲಿ ಕೇಳಿದ: "ಸರ್, ಲಂಡನ್ನಿನ ಜ್ಯಾಕ್ ದ ರಿಪ್ಪರ್ ಅಂದ್ರ ಆ ಮಾಟಗಾರ ಅಲಿಸ್ಟರ್ ಕ್ರೌಲಿನೇ ಅಂತಾರಲ್ರಿ, ಖರೇ ಏನ್ರಿ?" ಇತಿಹಾಸ ಕಲಿಸಿದವನು ಇಂಥ ಪ್ರಶ್ನೆಗೆ ಸುಮ್ಮನಿರಲಾರ. ಮೊದಲು ಅವನಿಂದಲೇ ಒಂದು ಲೆಕ್ಕ ಮಾಡಿಸಿದೆ. ಕೊಲೆಗಳು ನಡೆದದ್ದು 1888ರಲ್ಲಿ. ಕ್ರೌಲಿ ಹುಟ್ಟಿದ್ದು 1875ರ ಅಕ್ಟೋಬರಿನಲ್ಲಿ. ಅಂದರೆ ಆಗ ಅವನಿಗೆ ನಮ್ಮ ಏಳನೆಯ ಇಯತ್ತೆಯ ಹುಡುಗನ ವಯಸ್ಸು! ಶಿಷ್ಯ ನಕ್ಕುಬಿಟ್ಟ. ಆದರೆ ಈ ವದಂತಿ ಹುಟ್ಟಿದ ಬಗೆಯನ್ನು ನೀವೆಲ್ಲರೂ ತಿಳಿಯಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಗೋಕಾಕ ಜಲಪಾತದ ಬಳಿ ನೂಲಿನ ಗಿರಣಿ ಆರಂಭವಾಗಿ ಇನ್ನೂ ಹೆಚ್ಚು ವರ್ಷಗಳಾಗಿರದ ಕಾಲವದು. ಲಂಡನ್ನಿನ ಪೂರ್ವಭಾಗದ ವೈಟ್‌ಚಾಪೆಲ್ ಎಂಬ ಬಡವರ ಕೇರಿಯಲ್ಲಿ 1888ರ ಆಗಸ್ಟ್ 31ರಿಂದ ನವೆಂಬರ್ 9ರೊಳಗೆ ಐವರು ಹೆಂಗಸರು ಕ್ರೂರವಾಗಿ ಕೊಲೆಯಾದರು. ಕೊಲೆಗಾರ ಸಿಗಲೇ ಇಲ್ಲ.

ಅದೇ ಕೇರಿಯ ಲಂಡನ್ ಆಸ್ಪತ್ರೆಯಲ್ಲಿ ಆ ತಿಂಗಳುಗಳಲ್ಲಿ ರಾಬರ್ಟ್ ಡಾನ್‌ಸ್ಟನ್ ಸ್ಟೀಫನ್ಸನ್ ಎಂಬವನು ನರದೌರ್ಬಲ್ಯಕ್ಕೆ ಚಿಕಿತ್ಸೆ ಪಡೆಯುತ್ತಿದ್ದ. ಪತ್ರಿಕೆಗಳಿಗೆ ಬರೆಯುವವನು, ಕುಡುಕ, ಮಾಟಮಂತ್ರಗಳಲ್ಲಿ ತಾನು ಪರಿಣತನೆಂದು ಹೇಳಿಕೊಳ್ಳುವವನು. ಅಕ್ಟೋಬರಿನಲ್ಲಿ ಅವನು ಪೊಲೀಸರಿಗೆ ಪತ್ರ ಬರೆದು, ಗೋಡೆಯ ಮೇಲೆ ಸಿಕ್ಕ ಬರಹಕ್ಕೆ ತನ್ನದೇ ಅರ್ಥ ಹೇಳಿದ. ಡಿಸೆಂಬರ್ 1ರಂದು ‘ಪಾಲ್ ಮಾಲ್ ಗೆಜೆಟ್’ ಪತ್ರಿಕೆಯಲ್ಲಿ ಹೆಸರಿಲ್ಲದೆ ಒಂದು ಲೇಖನ ಪ್ರಕಟಿಸಿದ: ಕೊಲೆಗಾರ ಫ್ರೆಂಚ್ ಮಾಟಗಾರ, ಕೊಲೆಯ ಸ್ಥಳಗಳನ್ನು ಸೇರಿಸಿದರೆ ಶಿಲುಬೆಯ ಆಕಾರ ಮೂಡುತ್ತದೆ ಎಂದು. ಆಸ್ಪತ್ರೆಯ ಒಬ್ಬ ವೈದ್ಯರ ಮೇಲೂ ಸಂಶಯ ಹಬ್ಬಿಸಿದ. ಅವನ ಮಾತು ಕೇಳಿದ ಜಾರ್ಜ್ ಮಾರ್ಷ್ ಎಂಬವನು, ಕೊಲೆಗಾರ ಈತನೇ ಇರಬೇಕೆಂದು ಡಿಸೆಂಬರ್ 24ರಂದು ಪೊಲೀಸರಿಗೆ ದೂರಿತ್ತ. ಎರಡೇ ದಿನಗಳಲ್ಲಿ ಸ್ಟೀಫನ್ಸನ್ ತಾನೇ ಸ್ಕಾಟ್ಲೆಂಡ್ ಯಾರ್ಡಿಗೆ ಹೋಗಿ ಆ ವೈದ್ಯರ ವಿರುದ್ಧ ಹೇಳಿಕೆ ಕೊಟ್ಟ. ಪೊಲೀಸರು ಎರಡನ್ನೂ ಕಡತಕ್ಕೆ ಸೇರಿಸಿ ಸುಮ್ಮನಾದರು.

ಮುಂದೆ ಅವನು ಥಿಯಾಸಫಿಯ ಲೇಖಕಿ ಮೇಬಲ್ ಕಾಲಿನ್ಸ್ ಅವರ ಸಂಗಡ ಸೇರಿದ. ಅವರಿಬ್ಬರ ಜೊತೆಗಿದ್ದ ವಿಟ್ಟೋರಿಯಾ ಕ್ರೆಮರ್ಸ್ ಎಂಬಾಕೆ, ಅವನ ಪೆಟ್ಟಿಗೆಯಲ್ಲಿ ಕಲೆಬಿದ್ದ ಟೈಗಳನ್ನು ತಾನು ಕಂಡೆನೆಂದು ಎಷ್ಟೋ ವರ್ಷಗಳ ನಂತರ ಹೇಳಿದಳು. ಆಕೆ ಕ್ರೌಲಿಯ ಬಳಗದಲ್ಲೂ ಇದ್ದವಳು. ಕ್ರೌಲಿ ಆ ಕಥೆಗೆ ಬಣ್ಣ ಕಟ್ಟಿ ಬರೆದ. ಕಥೆ ಹೇಳಿದವನ ಹೆಸರು ಕಥೆಗಿಂತ ದೊಡ್ಡದಾದಾಗ, ಹೇಳಿದವನೇ ಕಥೆಯ ಒಳಗೆ ಹೊಕ್ಕುಬಿಡುತ್ತಾನೆ. ಟೈಗಳನ್ನು ಯಾರೂ ಪರೀಕ್ಷಿಸಲಿಲ್ಲ. ಸ್ಟೀಫನ್ಸನ್ನನ ವಿರುದ್ಧ ಒಂದೂ ಗಟ್ಟಿ ಸಾಕ್ಷ್ಯ ದೊರೆತಿಲ್ಲ. 1916ರಲ್ಲಿ ಅವನು ತೀರಿಕೊಂಡ.

ಲಂಡನ್ನಿನ ಕಥೆ ನಮಗೇಕೆ ಎನ್ನುವಿರಾ? ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕಿದೆ. ಮೂಡಲಗಿ ಕಡೆಯ ಒಂದು ಹಳ್ಳಿಯಲ್ಲಿ ನಾನು ಹೊಸದಾಗಿ ಮಾಸ್ತರನಾಗಿದ್ದಾಗ, ಒಂದು ಮಳೆಗಾಲದಲ್ಲಿ ಮಕ್ಕಳಿಗೆ ವಾಂತಿಭೇದಿ ಹತ್ತಿತು. ಕೂಡುದಾರಿಯಲ್ಲಿ ನಿಂಬೆಹಣ್ಣು, ಕುಂಕುಮ ಕಂಡವೆಂದು ಒಬ್ಬ ಹೇಳಿದ. ಸಂಜೆಯೊಳಗೆ ಒಂಟಿಯಾಗಿ ಬಾಳುತ್ತಿದ್ದ ಒಬ್ಬ ವಿಧವೆಯ ಹೆಸರು ಎಲ್ಲರ ಬಾಯಲ್ಲಿತ್ತು. ಕಟ್ಟೆಯ ಮೇಲೆ ಆ ಮಾತು ನಡೆದಾಗ ನಾನೂ ಅಲ್ಲಿ ಕುಳಿತಿದ್ದೆ. ಅದು ಸುಳ್ಳೆಂದು ತಿಳಿದಿತ್ತು; ಹೊಸಬನೆಂಬ ಅಂಜಿಕೆಯಿಂದ ಬಾಯಿ ಬಿಡಲಿಲ್ಲ. ಆಕೆ ಗಂಟು ಕಟ್ಟಿಕೊಂಡು ಹುಕ್ಕೇರಿ ಹತ್ತಿರದ ತವರಿಗೆ ಹೊರಟುಹೋದಳು. ಬಾವಿಯ ನೀರಿಗೆ ಔಷಧಿ ಹಾಕಿದ ಮೇಲೆ ಬೇನೆ ನಿಂತಿತು. ಆಕೆ ಮಾತ್ರ ತಿರುಗಿ ಬರಲಿಲ್ಲ.

ಸ್ಟೀಫನ್ಸನ್ನನಂಥವನು ವದಂತಿಯನ್ನು ತಾನೇ ಬಿತ್ತಿ ಹೆಸರು ಪಡೆದ. ನಮ್ಮ ಹಳ್ಳಿಯ ಆ ತಾಯಿಯ ಪಾಲಿಗೆ ಅದೇ ವದಂತಿ ಊರುಗಡಿಪಾರಾಯಿತು. ಮಾಟಮಂತ್ರದ ಹೆಸರಿನ ಅಮಾನವೀಯ ಆಚರಣೆಗಳ ವಿರುದ್ಧ ನಮ್ಮ ರಾಜ್ಯದಲ್ಲಿ 2017ರ ಕಾಯ್ದೆಯಿದೆ. ಆದರೆ ಕಟ್ಟೆಯ ಮೇಲಿನ ಮಾತನ್ನು ತಡೆಯಲು ಕಾಯ್ದೆಗಿಂತ ಮೊದಲು ಒಬ್ಬ ಮನುಷ್ಯ ಬಾಯಿ ತೆರೆಯಬೇಕು.

ಮಾಟಗಾರರ ಹೆಸರುಗಳು ಎಲ್ಲರಿಗೂ ನೆನಪಿವೆ. ಸತ್ತವರ ಹೆಸರುಗಳನ್ನೂ ಓದಿರಿ: ಮೇರಿ ಆ್ಯನ್ ನಿಕಲ್ಸ್, ಆ್ಯನಿ ಚಾಪ್‌ಮನ್, ಎಲಿಜಬೆತ್ ಸ್ಟ್ರೈಡ್, ಕ್ಯಾಥರಿನ್ ಎಡೋಸ್, ಮೇರಿ ಜೇನ್ ಕೆಲ್ಲಿ. ಆ ಶಿಷ್ಯನಿಗೆ ಫೋನಿನಲ್ಲಿ ಈ ಹೆಸರುಗಳನ್ನು ಹೇಳಲು ಮರೆತೆ. ಅವನೂ ಇದನ್ನು ಓದುವನೆಂದು ನಂಬಿದ್ದೇನೆ.